ಮೂರು ರೀಲು ಮುಗಿಯಿತು, ಫ್ರೇಮ್ ಇನ್ನೂ ಕೂರುತ್ತಿಲ್ಲ

ಹೊಸರೀಲು: ಫೋಟೊಗ್ರಫಿ ಕೋರ್ಸ್ ಸೇರಿ ಎರಡು ತಿಂಗಳಾಯಿತು. ಪೆಂಟಾಕ್ಸ್ ಕೆ1000 ಕ್ಯಾಮರಾ, 50 ಎಂಎಂ ಲೆನ್ಸ್, ಎಚ್‌ಪಿ5 ಕಪ್ಪು-ಬಿಳುಪು ಫಿಲ್ಮ್. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ 36 ಫ್ರೇಮ್ ತೆಗೆದೆ. ಇಡೀ ರೀಲು ಒಂದೇ ಕಾಗದದಲ್ಲಿ ಕಾಣುವ ಕಾಂಟ್ಯಾಕ್ಟ್ ಶೀಟ್ ನೋಡಿದರೆ ಹೂ ಮಾರುವ ಅಜ್ಜಿ ಎಲ್ಲದರಲ್ಲೂ ನಟ್ಟನಡುವೆ, ಪುಟ್ಟದಾಗಿ ಕೂತಿದ್ದಾರೆ. ಒಂದರಲ್ಲಂತೂ ತಕ್ಕಡಿಯ ಸರಪಳಿ ಅವರ ತಲೆಯಿಂದಲೇ ಹುಟ್ಟಿದ ಹಾಗಿದೆ. ಯಾವುದನ್ನು ಫ್ರೇಮಿನಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ತಿಳಿಯೋದು?

ಬೆಳಕುಗಾರ: ಕೆ1000ರಲ್ಲಿ ಫೋಕಸ್ ನೋಡುವ ವೃತ್ತ ಇರೋದೇ ನಡುವೆ. ಅಲ್ಲಿ ಮುಖ ಸ್ಪಷ್ಟವಾದ ತಕ್ಷಣ ಒತ್ತಿಬಿಡುತ್ತೀರಿ, ಅದಕ್ಕೇ ಹೀಗೆ. ಫೋಕಸ್ ಆದ ಮೇಲೆ ಕ್ಯಾಮರಾ ಸ್ವಲ್ಪ ಸರಿಸಿ. ನಾಲ್ಕೂ ಮೂಲೆ ನೋಡಿ. ಎರಡು ಹೆಜ್ಜೆ ಮುಂದೆ ಹೋಗಿ. ಉಳಿದದ್ದನ್ನು ಪ್ರಿಂಟ್ ಮಾಡುವಾಗ ಕ್ರಾಪ್ ಮಾಡಿದರಾಯಿತು, ಅಂದರೆ ಬೇಡದ ಅಂಚು ಕತ್ತರಿಸಿದರಾಯಿತು.

ಪೂರ್ತಿಫ್ರೇಮ್: "ಕ್ರಾಪ್ ಮಾಡಿದರಾಯಿತು" ಅಂತ ಕಲಿಯುವವರಿಗೆ ದಯವಿಟ್ಟು ಹೇಳಬೇಡಿ. ಆಮೇಲೆ ಕತ್ತರಿಸಬಹುದು ಅಂತ ಗೊತ್ತಾದರೆ ಯಾರೂ ಆ ಎರಡು ಹೆಜ್ಜೆ ಇಡೋದಿಲ್ಲ. ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಕಾರ್ಟಿಯೆ-ಬ್ರೆಸಾನ್ ಎಂದೂ ಕ್ರಾಪ್ ಮಾಡಲಿಲ್ಲ.

ಕೆಂಪುದೀಪ: ಎಂದೂ? 1932ರಲ್ಲಿ ಪ್ಯಾರಿಸ್‌ನ ಸಾಂ ಲಜಾರ್ ನಿಲ್ದಾಣದ ಹಿಂದೆ ಅವರೇ ತೆಗೆದದ್ದು, ನೀರಿನ ಮೇಲೆ ಜಿಗಿಯುವ ಮನುಷ್ಯನ ಫೋಟೊ, ಕ್ರಾಪ್ ಆದದ್ದೇ. ಬೇಲಿಯ ಸಂದಿಯಿಂದ ತೆಗೆದರು. ಎಡಗಡೆ ಹಲಗೆ ಅಡ್ಡ ಬಂದಿತ್ತು.

ಪೂರ್ತಿಫ್ರೇಮ್: ಹಲಗೆ ಅಡ್ಡ ಬಂದಿತ್ತು ಅಂತ ನೀವೇ ಹೇಳುತ್ತಿದ್ದೀರಿ. ಅಲ್ಲಿ ಬೇರೆ ದಾರಿ ಇರಲಿಲ್ಲ. ಮಾರುಕಟ್ಟೆಯಲ್ಲಿ ದಾರಿ ಇದೆ, ಕಾಲೂ ಇದೆ.

ಕೆಂಪುದೀಪ: ಹಾಗಾದರೆ ಫೋಟೊಗ್ರಾಫರ್ ಅರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತ ರಚನೆಕಾರ ಸ್ಟ್ರಾವಿನ್‌ಸ್ಕಿ ಫೋಟೊ? ದೊಡ್ಡ ಪಿಯಾನೋ, ಮೂಲೆಯಲ್ಲಿ ಮನುಷ್ಯ. ಆ ಚಿತ್ರ ನಿಂತಿರೋದೇ ಕ್ರಾಪ್ ಮೇಲೆ. ಅವರಿಗೂ ಕಾಲಿತ್ತು ಅಲ್ವಾ?

ಪೂರ್ತಿಫ್ರೇಮ್: ಅದು 4x5 ಇಂಚಿನ ನೆಗೆಟಿವ್ ಸ್ವಾಮಿ! ಇಲ್ಲಿ ಇರೋದು 24x36 ಮಿಲಿಮೀಟರ್. ಅರ್ಧ ಕತ್ತರಿಸಿ ದೊಡ್ಡದು ಮಾಡಿ, ಎಚ್‌ಪಿ5 ಫಿಲ್ಮಿನ ಕಣ (ಗ್ರೇನ್) ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಇಪ್ಪತ್ತು ವರ್ಷ ಡಾರ್ಕ್‌ರೂಮಿನಲ್ಲಿ ಕೈ ನೆನೆಸಿದ್ದೇನೆ. ನನಗೆ ಪಾಠ ಬೇಡ.

ಮಲ್ಲಿಗೆಮೊಗ್ಗು: ಡಾರ್ಕ್‌ರೂಮ್ ಅಂದಿರಿ, ಅದಕ್ಕೇ ಕೇಳುತ್ತೇನೆ. 8x10 ಇಂಚಿನ ಕಾಗದದಲ್ಲಿ ಪ್ರಿಂಟ್ ಮಾಡಿದ್ದೀರಾ? 35 ಎಂಎಂ ಫಿಲ್ಮಿನ ಫ್ರೇಮ್ ಅಗಲಕ್ಕೆ ಹೋಲಿಸಿದರೆ ಅದಕ್ಕಿಂತ ಉದ್ದ. ಕಾಗದ ತುಂಬಿಸಿದರೆ ಒಂದು ಬದಿ ಹೋಗಲೇಬೇಕು. ಕೆ1000ರಲ್ಲಿ ಕಣ್ಣಿಟ್ಟು ನೋಡುವ ಫೈಂಡರ್‌ನಲ್ಲೂ ಪೂರ್ತಿ ಫ್ರೇಮ್ ಕಾಣೋದಿಲ್ಲ, ನೆಗೆಟಿವ್‌ನಲ್ಲಿ ಅಂಚು ಸ್ವಲ್ಪ ಜಾಸ್ತಿಯೇ ಬರುತ್ತದೆ. ನೋಡದೇ ಇದ್ದ ಅಂಚಿಗೆ ಇಷ್ಟೊಂದು ಮರ್ಯಾದೆ ಯಾಕೆ?

ಪೂರ್ತಿಫ್ರೇಮ್: ಕಾಗದ ತುಂಬಿಸಲೇಬೇಕು ಅಂತ ಯಾರು ಹೇಳಿದರು? ಸುತ್ತ ಬಿಳಿ ಅಂಚು ಬಿಡಿ.

ಬೆಳಕುಗಾರ: ನಾನು ಹೇಳಿದ ಮೂಲೆ ನೋಡುವ ವಿಷಯ ಎಲ್ಲರೂ ಬಿಟ್ಟಿರಿ. ತಲೆಗೆ ಸರಪಳಿ ಅಂಟಿದ್ದು ಕ್ರಾಪ್‌ನಿಂದ ಹೋಗೋದಿಲ್ಲ. ಮಂಡಿಯೂರಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು.

ಪೂರ್ತಿಫ್ರೇಮ್: "ಕ್ರಾಪ್‌ನಿಂದ ಹೋಗೋದಿಲ್ಲ." ಇದನ್ನೇ ನಾನು ಮೊದಲಿಂದ ಹೇಳುತ್ತಿರುವುದು!

ಬೆಳಕುಗಾರ: ನೀವು ಹೇಳಿದ್ದು ಅದಲ್ಲ.

ಹೊಸರೀಲು: ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದೆ. ಅಜ್ಜಿಯನ್ನು ಕೇಳಿ, ಹತ್ತಿರವೇ ಕೂತೆ. ಒಂದು ಗಂಟೆಯಲ್ಲಿ ಆರೇ ಫ್ರೇಮ್ ತೆಗೆದೆ. ಕೊನೆಯದರಲ್ಲಿ ಮುಖ ಇಲ್ಲ. ಮೊಣಕೈಯಿಂದ ಬೆರಳ ತುದಿವರೆಗೆ ಮಲ್ಲಿಗೆ ಮೊಳ ಹಾಕುವ ಕೈ ಮಾತ್ರ. ಬಳೆಗೆ ಒಂದು ಎಸಳು ಅಂಟಿತ್ತು. ರೀಲು ಇನ್ನೂ ತೊಳೆದಿಲ್ಲ.

ಮಲ್ಲಿಗೆಮೊಗ್ಗು: ಮುಖ ಬಿಟ್ಟಿದ್ದು ಸರಿ. ಎಷ್ಟು ಹತ್ತಿರ ಹೋದಿರಿ? ಆ 50 ಎಂಎಂ ಸುಮಾರು ಅರ್ಧ ಮೀಟರಿಗಿಂತ ಹತ್ತಿರ ಫೋಕಸ್ ಆಗೋದಿಲ್ಲ, ನೋಡಿಕೊಳ್ಳಿ.

ಕೆಂಪುದೀಪ: ಅಂಚಿನಲ್ಲಿ ಬುಟ್ಟಿ ಬಂದಿದ್ದರೆ ಧೈರ್ಯವಾಗಿ ಕತ್ತರಿಸಿ.

ಪೂರ್ತಿಫ್ರೇಮ್: ಕತ್ತರಿಸಬೇಡಿ. ಪೂರ್ತಿ ಪ್ರಿಂಟ್ ಮಾಡಿ ಇಲ್ಲಿ ಹಾಕಿ, ನೋಡೋಣ.