ಬೇರೆ ಲೋಟ ಯಾಕೆ ಅಂತ ಮಗಳು ಕೇಳಿದಳು. ಯಾವ ಪುಸ್ತಕ ಓದಿಸಲಿ?

ಕೇಳಿದವರು:
ಮಗಳು ಮೂರನೇ ಕ್ಲಾಸು. ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆವು. ಕಳೆ ಕೀಳಲು ಬಂದ ಅಜ್ಜಿಗೆ ನಮ್ಮತ್ತೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರು. ಕುಡಿದ ಮೇಲೆ ಆ ಲೋಟ ಒಳಗೆ ಬರಲಿಲ್ಲ, ಹಿತ್ತಲ ಗೋಡೆಯ ಮೇಲೇ ಉಳಿಯಿತು. ‘ಯಾಕಮ್ಮಾ?’ ಅಂದಳು. ನನಗೆ ಮಾತೇ ಬರಲಿಲ್ಲ. ಅವಳ ವಯಸ್ಸಿಗೆ ಹೊಂದುವ ಪುಸ್ತಕ ಇದ್ದರೆ ತಿಳಿಸಿ. ಓದಿಸಿದವರ ಅನುಭವವೂ ಬೇಕು.

ತುಮಕೂರಿನಿಂದ:
ಮೇಡಂ, ನಾನು ಭಾನುವಾರ ನಮ್ಮ ಬೀದಿಯ ಮಕ್ಕಳಿಗೆ ಕಥೆ ಓದುತ್ತೇನೆ. ಮಹಾಶ್ವೇತಾ ದೇವಿಯವರ ‘ದಿ ವೈ ವೈ ಗರ್ಲ್’ನಿಂದ ಶುರು ಮಾಡಿ. ಶಬರ ಸಮುದಾಯದ ಮೊಯ್ನಾ ಊರಿನ ಜಮೀನ್ದಾರರ ಮೇಕೆ ಕಾಯುವ ಹುಡುಗಿ. ನೀರಿಗೆ ಅಷ್ಟು ದೂರ ಯಾಕೆ ಹೋಗಬೇಕು, ಎರಡು ಹೊತ್ತು ಅನ್ನ ಯಾಕಿಲ್ಲ ಅಂತ ಕೇಳುತ್ತಲೇ ಇರುತ್ತಾಳೆ. ದೊಡ್ಡವಳಾಗಿ ಟೀಚರ್ ಆಗುತ್ತಾಳೆ. ನಾನು ಇಂಗ್ಲಿಷ್ ಪ್ರತಿ ಹಿಡಿದುಕೊಂಡು ಕನ್ನಡದಲ್ಲಿ ಹೇಳಿದೆ.

ಮೊದಲ ಸಲ ಕಥೆ ಮುಗಿದ ಕೂಡಲೇ ‘ಪಾಪ ಅಲ್ವಾ?’ ಅಂದುಬಿಟ್ಟೆ. ಮಕ್ಕಳೂ ‘ಪಾಪ’ ಅಂದವು. ಮಾತು ಅಲ್ಲಿಗೇ ನಿಂತುಹೋಯಿತು. ಮುಂದಿನ ಸಲ ನಾನು ಸುಮ್ನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು ಕೇಳಿದಳು: ‘ಅವರ ಮೇಕೆಗಳನ್ನ ಅವರೇ ಯಾಕೆ ಕಾಯಲ್ಲ?’ ಆ ದಿನ ಒಂದು ಗಂಟೆ ಮಾತಾಡಿದರು. ಓದಿದ ಮೇಲೆ ನೀವು ಅವಸರ ಮಾಡಬೇಡಿ.

ಲೋಟದ ವಿಷಯಕ್ಕೆ ಅಂಬೇಡ್ಕರ್ ಅವರ ಬಾಲ್ಯವನ್ನೇ ಹೇಳಿ. ಶಾಲೆಯಲ್ಲಿ ಅವರು ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ತಿರುಗಿಸಿದರೆ ನೀರು, ಅವನಿಲ್ಲದ ದಿನ ನೀರಿಲ್ಲ. 1901ರಲ್ಲಿ ಅಪ್ಪನನ್ನು ನೋಡಲು ರೈಲಿನಲ್ಲಿ ಹೊರಟ ಅವರೂ ಮನೆಯ ಉಳಿದ ಮಕ್ಕಳೂ ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮುಟ್ಟಬಾರದವರು ಅಂತ ದೂರ ಇಟ್ಟಿದ್ದ ಮಹಾರ ಜಾತಿಯ ಮಕ್ಕಳು ಅಂತ ಗೊತ್ತಾಗಿ ಎತ್ತಿನ ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿ ಹೊಡೆದದ್ದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದ. ಬುತ್ತಿ ತುಂಬಾ ಇತ್ತು. ಕುಡಿಯಲು ನೀರು ಸಿಗದೆ ಹಸಿದೇ ಮಲಗಿದರು. ಇಷ್ಟು ಹೇಳಿದಾಗ ನಮ್ಮ ಮಕ್ಕಳಲ್ಲಿ ಒಬ್ಬ ತನ್ನ ನೀರಿನ ಬಾಟಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಇದೇ ಪ್ರಸಂಗಗಳ ಚಿತ್ರಕಥೆ 2011ರ ‘ಭೀಮಾಯಣ’. ಚಿತ್ರ ಬರೆದವರು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್. ಅದರಲ್ಲಿ ಮೆದು ಮಾತು ಹಕ್ಕಿಯ ಆಕಾರದಲ್ಲಿದೆ, ಚುಚ್ಚುವ ಮಾತಿಗೆ ಚೇಳಿನ ಕೊಂಡಿ. ಓದಲು ಬಾರದ ಮಗುವಿಗೂ ತಿಳಿಯುತ್ತದೆ. ಆದರೆ ಪೂರ್ತಿ ಓದಲು ಮಗುವಿಗೆ ಹತ್ತು ಹನ್ನೆರಡು ವರ್ಷ ತುಂಬಲಿ.

ಹುಬ್ಬಳ್ಳಿಯಿಂದ:
ತೂಲಿಕಾ ಪ್ರಕಾಶನದವರ ‘ಕಾಳಿ ಅಂಡ್ ದಿ ರ‍್ಯಾಟ್ ಸ್ನೇಕ್’ ನೋಡ್ರಿ. ಕಾಳಿ ಹಾವು ಹಿಡಿಯುವ ಇರುಳ ಸಮುದಾಯದ ಹುಡುಗ. ಡಬ್ಬಿಯಲ್ಲಿ ಹುರಿದ ಗೆದ್ದಲು ತರುತ್ತಾನೆ. ಕ್ಲಾಸಿನವರು ಅವನನ್ನು ದೂರ ಇಡುತ್ತಾರೆ. ಒಂದು ದಿನ ಹಾವು ಕ್ಲಾಸಿಗೇ ಬರುತ್ತದೆ. ನನ್ನ ಮಗ ನಾಲ್ಕು ಸಲ ಓದಿಸಿಕೊಂಡ. ಆಮೇಲೆ ಗೆಳೆಯನ ಡಬ್ಬಿಯ ಒಣಮೀನಿಗೆ ಮೂಗು ಮುಚ್ಚುವುದನ್ನು ಬಿಟ್ಟ. ದುಡ್ಡು ಜಾಸ್ತಿ ಅನ್ನಿಸಿದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ.

ಕೊಳ್ಳೇಗಾಲದಿಂದ, ಶಿಕ್ಷಕಿ:
ಆ ಲೋಟ ನನಗೆ ಗೊತ್ತು ತಂಗಿ. ನಮ್ಮಮ್ಮ ಅದರಲ್ಲೇ ಕುಡಿದವರು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಬರುತ್ತಿದ್ದರು.

ಒಂದು ಮಾತು ಹೇಳುತ್ತೇನೆ. ಇಂಥ ಪುಸ್ತಕ ಓದುವಾಗ ಆ ಸಮುದಾಯದ ಮಗುವೂ ಅಲ್ಲೇ ಕೂತಿರಬಹುದು. ಎಲ್ಲರೂ ಅದರ ಕಡೆ ತಿರುಗುವಂತೆ ಓದಬೇಡಿ. ನಾನು ಓದುವ ಹುಡುಗಿಯಾಗಿದ್ದಾಗ ಹಾಗೆ ತಲೆ ತಗ್ಗಿಸಿ ಕೂತಿದ್ದೇನೆ. ಅದಕ್ಕೇ ಈಗ ನನ್ನ ತರಗತಿಯಲ್ಲಿ ಮೊದಲು ಸಾವಿತ್ರಿಬಾಯಿ ಫುಲೆ ಕಥೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಪಾಠ ಮಾಡಲು ಹೋಗುವ ದಾರಿಯಲ್ಲಿ ಜನ ಅವರ ಮೇಲೆ ಸಗಣಿ ಎಸೆಯುತ್ತಿದ್ದರು, ಸಾವಿತ್ರಿಬಾಯಿ ಇನ್ನೊಂದು ಸೀರೆ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಆ ಸೀರೆಯ ಮಾತು ಬಂದಾಗ ನನ್ನ ಹುಡುಗಿಯರು ನೆಟ್ಟಗೆ ಕೂರುತ್ತಾರೆ.

ಪುಸ್ತಕ ಖಂಡಿತ ಕೊಡಿಸಿ. ಆದರೆ ಮಗಳು ಕೇಳಿದ್ದು ನಿಮ್ಮ ಮನೆಯ ಲೋಟದ ಬಗ್ಗೆ. ಅದು ಈಗ ಎಲ್ಲಿದೆ?

ಕೇಳಿದವರು:
ಅಲ್ಲೇ ಇದೆ ಅಕ್ಕಾ. ದಸರಾ ರಜೆಗೆ ಮತ್ತೆ ಹೋಗುತ್ತೇವೆ. ಮೊಯ್ನಾ ಪುಸ್ತಕ ತರಿಸುತ್ತಿದ್ದೇನೆ. ಅತ್ತೆ ಹತ್ತಿರ ನಾನೇ ಮಾತಾಡುತ್ತೇನೆ, ಮಗಳ ಮುಂದೆಯೇ.