ಸಮ್ಮೇಳನದ ಕೈಕೆಲಸ ಕಮ್ಮಟಕ್ಕೆ ಏನು ಮಾಡಿಸೋದು? ಮಾಡಿಸಿ ಗೊತ್ತಿದ್ದವರು ಹೇಳಿ

ಶಿರಸಿ_ಸಂಘಟಕಿ: ಮೇ ತಿಂಗಳಲ್ಲಿ ಶಿರಸಿಯಲ್ಲಿ ಎರಡು ದಿನದ ಸಮ್ಮೇಳನ. ಕಮ್ಮಟಕ್ಕೆ ಒಂದು ತಂಡದಲ್ಲಿ 40 ಜನ, ಅರ್ಧ ಮಕ್ಕಳು, ಸಮಯ 90 ನಿಮಿಷ. ಸಾಮಾನಿಗೆ ತಲಾ 60 ರೂಪಾಯಿ ದಾಟಬಾರದು. ಅಡಿಕೆ ಹಾಳೆ, ಹಸೆ ಚಿತ್ತಾರ (ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಲ್ಲಿ ಬರೆಯುವ ಗೋಡೆ ಚಿತ್ರ), ಕಾವಿ (ಕೆಂಪು ಪದರ ಕೆರೆದು ಕೆಳಗಿನ ಬಿಳಿ ಗೆರೆ ಏಳಿಸುವ ಗೋಡೆ ಚಿತ್ರ), ಮೂರರಲ್ಲಿ ಯಾವುದು ಆದೀತು?

ಹಾಳೆ_ಬೀಸಣಿಗೆ: ಹಾಳೆಯೇ. 40 ಜನಕ್ಕೆ 55 ಹಾಳೆ ತರಿಸಿ, ಹತ್ತರಲ್ಲಿ ಎರಡು ಸೀಳಿಯೇ ಇರ್ತದೆ. ಬೇಸಿಗೆಯಲ್ಲಿ ಉದುರಿದ್ದೇ ಬೇಕು. ಮಳೆ ಕುಡಿದ ಹಾಳೆಗೆ ಬೂಸ್ಟಿನ ಕಪ್ಪು ಚುಕ್ಕೆ ಬಂದರೆ ಏನು ಉಜ್ಜಿದರೂ ಹೋಗೋದಿಲ್ಲ. ನೆನೆಸೋದು ಅರ್ಧ ತಾಸು, ಅಷ್ಟೇ. ರಾತ್ರಿಯಿಡೀ ನೀರಲ್ಲಿ ಬಿಟ್ಟರೆ ಲೋಳೆ ಬಂದು, ಒಣಗುವಾಗ ದೋಣಿಯಂತೆ ಸೊಟ್ಟಗಾಗ್ತದೆ. ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿಡಿ.

ಬೀಸಣಿಗೆ ಮಾಡಿಸಿ, ದೊನ್ನೆ ಬೇಡ. ರಟ್ಟಿನ ಅಚ್ಚಿಟ್ಟು ಗೆರೆ ಎಳೆಸಿ: ಮೇಲೆ 9 ಇಂಚು, ಹಿಡಿಕೆ 5 ಇಂಚು, ಎರಡೂ ಒಂದೇ ತುಂಡಲ್ಲಿ. ನಾರು ಹಿಡಿಕೆಯುದ್ದಕ್ಕೆ ಓಡಬೇಕು, ಅಡ್ಡ ಓಡಿದರೆ ನಾಲ್ಕು ಸಲ ಬೀಸುವಷ್ಟರಲ್ಲಿ ಹಿಡಿಕೆ ಕೈಯಲ್ಲಿ. ಮಕ್ಕಳ ಕಾಗದದ ಕತ್ತರಿಗೆ ಹಾಳೆ ಬಗ್ಗೋದಿಲ್ಲ, 8 ಇಂಚಿನದ್ದು ಹತ್ತಾದರೂ ಬೇಕು, ಖರ್ಚು ಆಗೋದೇ ಅಲ್ಲಿ. ಅಂಚಿಗೆ ದಾರ ಹೊಲಿಸೋದಾದರೆ ತೂತು ಒಂದೇ ಸಾಲಲ್ಲಿ ಬೇಡ, ಹಿಂದೆಮುಂದೆ ಹಾಕಿಸಿ. ಒಂದೇ ನಾರಿನ ಮೇಲೆ ಎರಡು ತೂತು ಬಿದ್ದರೆ ಸೀಳು ತುದಿವರೆಗೆ ಓಡ್ತದೆ.

ಪುಂಡಿನಾರು: ಕತ್ತರಿಸಿ ಕೊಟ್ಟರೆ ಕಲೆ ಆಯ್ತಾ? ಚಿತ್ತಾರ ಮಾಡಿಸಿ. 300 ಜಿಎಸ್ಎಂ ರಟ್ಟು, 6 × 8 ಇಂಚು. ಹಿಂದಿನ ದಿನವೇ ಜಾಲಿಸಿದ ಕೆಮ್ಮಣ್ಣಿಗೆ ಗೋಂದಿನ ನೀರು ಬೆರೆಸಿ ಬಳಿದಿಡಿ. ಬರೀ ಒಂದು ಮಗ್ಗುಲಿಗೆ ಬಳಿದರೆ ರಟ್ಟು ಸುರುಳಿ ಸುತ್ತುತ್ತದೆ, ಹಿಂಬದಿಗೂ ಬರೀ ನೀರು ಸವರಿ, ಅರೆ ಒಣಗಿದ ಮೇಲೆ ಮಣೆ ಹೇರಬೇಕು. ಬಿಳಿಗೆ ಕಾಲು ಕೆಜಿ ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ. ಅವತ್ತು ಬೆಳಿಗ್ಗೆಯೇ ರುಬ್ಬಬೇಕು, ಮೇ ಸೆಕೆಗೆ ಸಂಜೆಯೊಳಗೆ ಹುಳಿ ವಾಸನೆ. ಗಟ್ಟಿಯಾದರೆ ಒಣಗಿ ಸಿಪ್ಪೆ ಏಳ್ತದೆ, ತೆಳುವಾದರೆ ಮಣ್ಣಲ್ಲಿ ಇಂಗ್ತದೆ. ಪುಂಡಿ ನಾರಿನ ಎಂಟ್ಹತ್ತು ಎಳೆ ಕಟ್ಟಿ ತುದಿ ಜಜ್ಜಿದರೆ ಕುಂಚ. ಅದ್ದಿದ ಮೇಲೆ ಬಟ್ಟಲ ಅಂಚಿಗೆ ಒರೆಸಿಯೇ ಗೆರೆ ಶುರು ಮಾಡಲಿ, ಇಲ್ಲದಿದ್ದರೆ ಮೊದಲಿಗೇ ಬೊಟ್ಟು ಕೂರ್ತದೆ. ಕರಿಬಣ್ಣಕ್ಕೆ ಅಕ್ಕಿ ಸೀಯಿಸಿ ಅರೆಯಬೇಕು, 90 ನಿಮಿಷದಲ್ಲಿ ಅದು ಬೇಡ. ಅಕ್ರಿಲಿಕ್ ಡಬ್ಬಿಯಂತೂ ಒಳಗೆ ಬಿಡಬೇಡಿ.

ಹಾಳೆ_ಬೀಸಣಿಗೆ: ಗೋಂದು ಹಾಕಿದ ಮೇಲೆ ಅಕ್ರಿಲಿಕ್‌ಗೆ ಯಾಕೆ ಬಯ್ಯೋದು ಮಾರಾಯ್ರೇ? ಚೀಲದಲ್ಲಿ ಉಜ್ಜಿ ಅಕ್ಕಿಹಿಟ್ಟು ಪುಡಿಯಾಗಿ ಉದುರಿದರೆ ಮಕ್ಕಳಿಗೆ ಮನೆಗೆ ಒಯ್ಯೋದಕ್ಕೆ ಏನುಳೀತು?

ಪುಂಡಿನಾರು: ಗೋಂದು ಮರದ ಅಂಟು. ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆದದ್ದನ್ನು ಬಾಳಿಕೆ ಲೆಕ್ಕದಲ್ಲಿ ಅಳೀಬೇಡಿ. ಮದುವೆ ಬಂದರೆ ಮತ್ತೆ ಬರೀತಾರೆ. ಚಿತ್ರದ ಮೇಲೊಂದು ಬೆಣ್ಣೆ ಕಾಗದ ಇಟ್ಟು ಕೊಡಿ, ಎರಡು ರೂಪಾಯಿ ಆಗ್ತದೆ.

ಸದಾಶಿವಗಡ: ಮಾರಿಕಾಂಬೆ ಗುಡಿಯ ಗೋಡೆಯಲ್ಲೇ ಕಾವಿ ಇರುವ ಊರಲ್ಲಿ ಕೂತು ಬೀಸಣಿಗೆ ಕತ್ತರಿಸೋದಾ? ನಿಜವಾದ ಗಾರೆ ಆಗೋದಿಲ್ಲ ಒಪ್ಪಿದೆ. ಚಿಪ್ಪಿನ ಸುಣ್ಣ, ಮರಳು, ಬೆಲ್ಲ ಕಲಸಿ ದಿನಗಟ್ಟಲೆ ಕೊಳೆಹಾಕಿ ಕುಟ್ಟಬೇಕು, ಹಸಿ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದರೆ ಅನಾಹುತ. ಅದಕ್ಕೇ 6 ಮಿ.ಮೀ. ಪ್ಲೈವುಡ್, 6 × 6 ಇಂಚು. 4 ಅಡಿ ಚೌಕದ ತುಂಡಲ್ಲಿ ಗರಗಸ ತಿಂದದ್ದು ಕಳೆದು 49 ಸಿಗ್ತದೆ. ಬಿಳಿ ಪುಟ್ಟಿ ಎರಡು ಕೈ, ಸೇರಿ 2 ಮಿ.ಮೀ., 5 ಕೆಜಿ ಪ್ಯಾಕೆಟ್ಟಿನಲ್ಲಿ ಉಳೀತದೆ. ಒಂದು ದಿನ ಒಣಗಿಸಿ ಮೇಲೆ ಕೆಂಪು ತೆಳ್ಳಗೆ, ಮೊನೆ ಇರುವ ಕೈವಾರದಲ್ಲಿ ಕೆರೆದರೆ ಕೆಳಗಿನ ಬಿಳಿ ಗೆರೆ ಏಳ್ತದೆ. ಕೆಂಪು ಹಸಿ ಇದ್ದರೆ ಬಿಳಿಗೆ ಮೆತ್ತಿಕೊಳ್ತದೆ, ಪೂರ್ತಿ ಒಣಗಿದರೆ ಅಂಚು ಚಕ್ಕೆ ಹಾರ್ತದೆ. ಬೆರಳಿಗೆ ತಂಪೆನಿಸಬೇಕು, ಬಣ್ಣ ಹತ್ತಬಾರದು, ಆ ಹೊತ್ತಿಗೇ ಕೆರೆಸಿ. ಧೂಳು ಊದಿಸಬೇಡಿ, ಕುಂಚದಲ್ಲಿ ಗುಡಿಸಿ.

ಪುಂಡಿನಾರು: ಕೆಂಪು ಅಂದರೆ ಯಾವ ಕೆಂಪು? ಅಂಗಡಿಯ ರೆಡ್ ಆಕ್ಸೈಡ್ ಪುಡಿಯಾ?

ಸದಾಶಿವಗಡ: ಹೌದು. ಎಲ್ಲ ಕಡೆ ಒಂದೇ ಬಣ್ಣ ಬರ್ತದೆ.

ಪುಂಡಿನಾರು: ಹಾಗಾದರೆ ಕಾವಿ ಅಂತ ಫಲಕ ಹಾಕಬೇಡಿ. ಕಾವಿ ಅಂದರೆ ಹುರುಮುಂಜಿ, ನೆಲದಲ್ಲಿ ಸಿಗುವ ಕೆಂಪು ಮಣ್ಣಿನ ಬಣ್ಣ.

ಸದಾಶಿವಗಡ: ಕೈಗೆ ಕಲಿಸೋದು ಕೆರೆಯುವ ಹದ. ಹುರುಮುಂಜಿಯೇ ಬೇಕಾದರೆ ತಂದು ಅರೆದು ವಸ್ತ್ರಗಾಳಿಸಿ ಕೊಡಿ, ಅದನ್ನೇ ಬಳೀತೇನೆ. ಒಂದು ಹರಳು ಉಳಿದರೂ ಮೊನೆ ಅಲ್ಲಿ ಜಾರಿ ಗೆರೆ ಸೊಟ್ಟ.

ಶಿರಸಿ_ಸಂಘಟಕಿ: ಸಭಾಭವನದಲ್ಲಿ ಫ್ಯಾನು ಜೋರು. ಕೆಂಪು ಬೇಗ ಒಣಗೋದಿಲ್ವಾ?

ಸದಾಶಿವಗಡ: ಒಣಗ್ತದೆ. ಫ್ಯಾನು ನಿಲ್ಲಿಸಿ, 40 ಹಲಗೆಗೂ ಒಟ್ಟಿಗೆ ಬಳೀಬೇಡಿ. ಹತ್ತು ಹಲಗೆ ಬಳಿದು ಕೊಟ್ಟು ಮುಂದಿನ ಹತ್ತಕ್ಕೆ ಹೋಗಿ.

ಹಾಳೆ_ಬೀಸಣಿಗೆ: ಮೇ ತಿಂಗಳಲ್ಲಿ ಫ್ಯಾನು ನಿಲ್ಲಿಸಿ 40 ಜನರನ್ನು ಕೂರಿಸ್ತೀರಾ? ಬೀಸಣಿಗೆ ಬೇಕೇ ಬೇಕಾಯ್ತಲ್ಲ ಅಕ್ಕ, 55 ಹಾಳೆಗೆ ಈಗಲೇ ತೋಟದವರಿಗೆ ಹೇಳಿಡಿ.