ಡ್ರೈನೇಜ್ ಪೈಪಿನ ತಪಾಸಣೆ ಬಾಯಿ: ಎಲ್ಲೆಲ್ಲಿ ಇಡಬೇಕು, ಹೇಗೆ ಕೂರಿಸಬೇಕು?

ಪ್ರಶ್ನೆ: ಐಟಿಐ ಪ್ಲಂಬರ್ ವಿಭಾಗದ ಅಭ್ಯರ್ಥಿ, ದಾವಣಗೆರೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಐಟಿಐಯಲ್ಲಿ ಪ್ಲಂಬರ್ ತರಬೇತಿಯ ಕೊನೆಯ ತಿಂಗಳುಗಳಲ್ಲಿದ್ದೇನೆ. ಮುಂದಿನ ವಾರದ ಪ್ರಾಯೋಗಿಕ ಕೆಲಸಕ್ಕೆ ನಮಗೊಂದು ನಕ್ಷೆ ಕೊಟ್ಟಿದ್ದಾರೆ. ಮೊದಲ ಮಹಡಿಯ ಶೌಚಾಲಯದಿಂದ 110 ಮಿ.ಮೀ. ಪೈಪು ಗೋಡೆಗುಂಟ ಇಳಿದು, ನೆಲದಡಿ ಎರಡು ಕಡೆ ತಿರುಗಿ, 14 ಮೀಟರು ಸಾಗಿ ಮನೆಯ ಕೊನೆಯ ಚೇಂಬರನ್ನು (ಮುಚ್ಚಳವಿರುವ ತಪಾಸಣೆ ಗುಂಡಿಯನ್ನು) ಸೇರುತ್ತದೆ. ಈ ದಾರಿಯಲ್ಲಿ ತಪಾಸಣೆಯ ಬಾಯಿಗಳು (ಕಟ್ಟಿಕೊಂಡಾಗ ತೆರೆದು ಶುಚಿ ಮಾಡುವ ಕಿಂಡಿಗಳು) ಎಲ್ಲೆಲ್ಲಿ ಬರಬೇಕೆಂದು ಗುರುತಿಸಿ, ಕಾರಣ ಬರೆದು, ಆಮೇಲೆ ಜೋಡಿಸಿ ತೋರಿಸಬೇಕು.

ನನ್ನ ಗೊಂದಲ ಇಷ್ಟು. ಭಾನುವಾರಗಳಲ್ಲಿ ನಾನು ಕೆಲಸಕ್ಕೆ ಹೋಗುವ ಕಡೆ ಮೇಸ್ತ್ರಿಗಳು ಬೋಲ್ಟಿನಿಂದ ಬಿಗಿಯುವ ಬಾಗಿಲಿರುವ ಜೋಡಣೆಗಳಾದ ಡೋರ್ ಟೀ, ಡೋರ್ ಬೆಂಡ್‌ಗಳನ್ನು ಹಾಕುವುದೇ ಇಲ್ಲ; ಬಾಗಿಲಿದ್ದ ಕಡೆಯಲ್ಲೇ ಸೋರಿಕೆ ಶುರುವಾಗುತ್ತದೆ ಎನ್ನುತ್ತಾರೆ. ತರಗತಿಯಲ್ಲಿ ಮಾತ್ರ ಪ್ರತಿ ತಿರುವಿಗೂ ಬಾಯಿ ಬೇಕೆಂದು ಕಲಿಸಿದ್ದಾರೆ. ಇವೆರಡರಲ್ಲಿ ಯಾವುದನ್ನು ಅನುಸರಿಸಲಿ? ಬಾಗಿಲು ಯಾವ ದಿಕ್ಕಿಗೆ ಮುಖ ಮಾಡಿರಬೇಕು? ಚೇಂಬರಿನ ಒಳಗಿನ ಕೆಲಸದಲ್ಲಿ ಪರೀಕ್ಷಕರು ಏನನ್ನು ನೋಡುತ್ತಾರೆ? ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಪ್ಲಂಬಿಂಗ್ ಗುತ್ತಿಗೆದಾರ, ಮೈಸೂರು

ನಿಮ್ಮ ಮೇಸ್ತ್ರಿಗಳು ಕಂಡ ಸೋರಿಕೆ ಸುಳ್ಳಲ್ಲ, ಆದರೆ ಅದು ಬಾಗಿಲಿನ ದೋಷವಲ್ಲ, ಅದನ್ನು ಕೂರಿಸಿದ ಕೈಯ ದೋಷ. ಬಾಗಿಲಿನ ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಮಡಿಸಿಕೊಂಡಿದ್ದರೆ, ಪಕ್ಕದ ಜೋಡಣೆಗೆ ಹಚ್ಚಿದ ಸಾಲ್ವೆಂಟ್ ಸಿಮೆಂಟ್ ಹರಿದು ಬಂದು ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ಗಟ್ಟಿಯಾಗಿದ್ದರೆ, ಅಥವಾ ಒಂದು ಬೋಲ್ಟನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಕೈ ಹಾಕಿದ್ದರೆ ಅಲ್ಲಿ ಸೋರಿಯೇ ಸೋರುತ್ತದೆ. ಅಂಚನ್ನು ಒಣಬಟ್ಟೆಯಿಂದ ಒರೆಸಿ, ರಬ್ಬರಿಗೆ ಎಣ್ಣೆಯ ಬದಲು ಸಾಬೂನು ನೀರನ್ನು ಸವರಿ, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತಾ ಬನ್ನಿ. ಪೆಟ್ರೋಲಿಯಂ ಎಣ್ಣೆ, ಗ್ರೀಸು ತಗಲಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ.

ಜಾಗ ಗುರುತಿಸುವಾಗ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕಟ್ಟಿಕೊಂಡರೆ ಅದನ್ನು ನೂಕಿ ಬಿಡಿಸುವ ಸರಳು ಎಲ್ಲಿಂದ ಒಳಗೆ ಹೋಗುತ್ತದೆ? ನಿಮ್ಮ ನಕ್ಷೆಯಲ್ಲಿ ಮೊದಲ ಬಾಯಿ ಇಳಿಪೈಪಿನ ಬುಡದಲ್ಲಿ ಬರಬೇಕು, ಏಕೆಂದರೆ ಮೇಲಿಂದ ರಭಸವಾಗಿ ಬಿದ್ದದ್ದು ಅಡ್ಡಕ್ಕೆ ತಿರುಗುವಾಗ ವೇಗ ಕಳೆದುಕೊಳ್ಳುತ್ತದೆ, ಬಟ್ಟೆ, ಕೂದಲು, ಪ್ಲಾಸ್ಟಿಕ್ಕು ಅಲ್ಲಿಯೇ ನಿಲ್ಲುತ್ತವೆ. ಎರಡನೆಯದು ಮೇಲಿನ ಮಹಡಿಯಲ್ಲಿ ಕೊಂಬೆ ಪೈಪು ಇಳಿಪೈಪಿಗೆ ಸೇರುವ ಕಡೆ. ನೆಲದಡಿಯ ಎರಡು ತಿರುವುಗಳಲ್ಲಿ ಜಾಗವಿದ್ದರೆ ಚೇಂಬರನ್ನೇ ಕಟ್ಟಿ; ಇಲ್ಲದಿದ್ದರೆ 45 ಡಿಗ್ರಿಯ ವೈ ಫಿಟ್ಟಿಂಗಿನಿಂದ ಪೈಪನ್ನು ನೆಲದ ಮಟ್ಟಕ್ಕೆ ಎತ್ತಿ, ಬಾಯಿಗೆ ತಿರುಪಿನ ಕ್ಲೀನ್‌ಔಟ್ ಮುಚ್ಚಳ ಹಾಕಿ.

ಅಲ್ಲಿ ಟೀ ಬಳಸಬೇಡಿ. ಟೀಯಲ್ಲಿ ಸರಳು ನೇರವಾಗಿ ಇಳಿದು ಪೈಪಿನ ತಳಕ್ಕೆ ಗುದ್ದುತ್ತದೆ. ವೈ ಆದರೆ ನೀರು ಹರಿಯುವ ದಿಕ್ಕಿಗೇ ಜಾರಿಕೊಂಡು ಹೋಗುತ್ತದೆ. ವೈ ಕೂಡ ಹರಿವಿಗೆ ಎದುರಾಗಿ ಕೂತರೆ ಕೆಲಸಕ್ಕೆ ಬಾರದು.

ಬಾಗಿಲಿನ ಮುಖದ ವಿಷಯಕ್ಕೆ ಬಂದರೆ, ಅಡ್ಡ ಪೈಪಿನಲ್ಲಿ ಅದು ಮೇಲ್ಮುಖವಾಗಿರಬೇಕು, ಬೆಂಡಿನಲ್ಲಿ ಬೆಂಡಿನ ಬೆನ್ನಿನ ಮೇಲಿರಬೇಕು, ಇಳಿಪೈಪಿನಲ್ಲಿ ಗೋಡೆಯ ಕಡೆಗೆ ಎಂದೂ ಇರಬಾರದು. ಡಕ್ಟಿನೊಳಗೆ (ಪೈಪುಗಳು ಇಳಿಯುವ ಕಿರಿದಾದ ಜಾಗದಲ್ಲಿ) ಬಾಗಿಲು ಮುಂದೆ ಮಾಡಿ ಕೂರಿಸಿದ್ದೂ, ಅದರ ಎದುರಿಗೆ ಕುಡಿಯುವ ನೀರಿನ ಪೈಪುಗಳನ್ನು ಸಾಲಾಗಿ ಇಳಿಬಿಟ್ಟದ್ದೂ ನಾನು ಹಲವು ಕಡೆ ನೋಡಿದ್ದೇನೆ. ಸರಳು ಬಾಗಿಸಿ ತಳ್ಳಲು ಕನಿಷ್ಠ ಒಂದೂವರೆ ಅಡಿ ಬಿಡುವು ಬೇಕು. ಇದು ಪುಸ್ತಕದ ಲೆಕ್ಕವಲ್ಲ, ನನ್ನ ಮೊಣಕೈಯ ಲೆಕ್ಕ.

ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲಸ ಕಲಿತ ಹೊಸತರಲ್ಲಿ ಒಂದು ಮನೆಯ ಅಡುಗೆಮನೆ ಪೈಪಿನ ಕ್ಲೀನ್‌ಔಟ್ ಮುಚ್ಚಳದ ಮೇಲೆ ಟೈಲ್ಸ್ ಹಾಕಲು ಒಪ್ಪಿಕೊಂಡೆ, ನೋಡಲು ಚೆನ್ನಾಗಿರುವುದಿಲ್ಲವೆಂದು ಮನೆಯವರು ಹೇಳಿದ್ದರು. ಮೂರನೆಯ ವರ್ಷ ಜಿಡ್ಡು ಕಟ್ಟಿಕೊಂಡಾಗ ಬಾಯಿ ಎಲ್ಲಿದೆ ಎಂದು ನನಗೂ ನೆನಪಿರಲಿಲ್ಲ. ಹನ್ನೊಂದು ಟೈಲ್ಸ್ ಒಡೆದ ಮೇಲೆ ಸಿಕ್ಕಿತು. ಆ ಮನೆಯ ಅಜ್ಜಿ ಎರಡು ದಿನ ಅಂಗಳದಲ್ಲಿ ಪಾತ್ರೆ ತೊಳೆದರು. ಅಂದಿನಿಂದ ಮುಚ್ಚಳವನ್ನು ನೆಲದ ಮಟ್ಟಕ್ಕೆ ತಂದು, ಕಾಣುವಂತೆ ಬಿಡದೆ ನಾನು ಕೆಲಸ ಒಪ್ಪಿಸಿಲ್ಲ.

ಉತ್ತರ 2: ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಧಾರವಾಡ

ಮೈಸೂರಿನವರು ಫಿಟ್ಟಿಂಗುಗಳ ವಿಷಯವನ್ನು ಸರಿಯಾಗಿ ಹೇಳಿದ್ದಾರೆ. ನಾನು ಇಳಿಜಾರು ಮತ್ತು ಚೇಂಬರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮ ಹುಡುಗರು ಅಂಕ ಕಳೆದುಕೊಳ್ಳುತ್ತಿದ್ದುದು ಹೆಚ್ಚಾಗಿ ಅಲ್ಲೇ.

ಮೊದಲು ಇಳಿಜಾರು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದಲ್ಲಿ 100 ಮಿ.ಮೀ. ಪೈಪಿಗೆ 57ಕ್ಕೆ 1, 150 ಮಿ.ಮೀ. ಪೈಪಿಗೆ 100ಕ್ಕೆ 1 ಇಳಿಜಾರು ಎಂದಿದೆ. ಹೊರವ್ಯಾಸ 110 ಇರುವ ನಿಮ್ಮ ಪೈಪನ್ನು 100ರ ಸಾಲಿನಲ್ಲೇ ಹಿಡಿದು 14 ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 246 ಮಿ.ಮೀ. ಇಳಿತ ಬರುತ್ತದೆ. ಈ ಲೆಕ್ಕವನ್ನು ಪೈಪಿನ ಒಳತಳಕ್ಕೆ, ಅಂದರೆ ಇನ್ವರ್ಟಿಗೆ, ಹಿಡಿಯಬೇಕೇ ಹೊರತು ಗುಂಡಿಯ ತಳಕ್ಕಲ್ಲ. ಚೇಂಬರುಗಳ ಇನ್ವರ್ಟ್ ಮಟ್ಟವನ್ನು ನೀರು ತುಂಬಿದ ಟ್ಯೂಬ್ ಲೆವೆಲ್ಲಿನಿಂದ ಮೊದಲೇ ಗುರುತಿಸಿ, ದಾರ ಕಟ್ಟಿ, ಕೆಳಗಿನ ತುದಿಯಿಂದ ಮೇಲಕ್ಕೆ ಪೈಪು ಹಾಕುತ್ತಾ ಬನ್ನಿ. ಪೈಪಿನ ಬಾಯಗಲದ ತುದಿ, ಅಂದರೆ ಸಾಕೆಟ್ಟು, ನೀರು ಬರುವ ಕಡೆಗಿರಲಿ.

ಚೇಂಬರಿನ ಅಳತೆ ಆಳವನ್ನು ಅವಲಂಬಿಸಿರುತ್ತದೆ. ಆಯತಾಕಾರದ ಚೇಂಬರಿನ ಆಳ 0.90 ಮೀಟರಿಗಿಂತ ಕಡಿಮೆಯಿದ್ದರೆ ಒಳ ಅಳತೆ ಕನಿಷ್ಠ 900 × 800 ಮಿ.ಮೀ., ಅಲ್ಲಿಂದ 2.5 ಮೀಟರಿನವರೆಗೆ 1200 × 900 ಮಿ.ಮೀ. ಇರಬೇಕು. ಒಂದೂವರೆ ಅಡಿ ಚೌಕದ ಗೂಡನ್ನು ಮೂರು ಅಡಿ ಆಳಕ್ಕೆ ಕಟ್ಟುವ ರೂಢಿ ನಮ್ಮಲ್ಲಿ ಬೇರೂರಿದೆ. ಅದರಲ್ಲಿ ಸರಳನ್ನು ಪೈಪಿನ ನೇರಕ್ಕೆ ತಿರುಗಿಸಲು ಆಗುವುದಿಲ್ಲ, ಹೀಗಾಗಿ ಅದು ಇದ್ದೂ ಇಲ್ಲದಂತೆಯೇ.

ಒಳಗಿನ ಕೆಲಸದಲ್ಲಿ ಪರೀಕ್ಷಕರು ಮೊದಲು ನೋಡುವುದು ಕಾಲುವೆಯನ್ನು. ಒಳಬರುವ ಪೈಪಿನಿಂದ ಹೊರಹೋಗುವ ಪೈಪಿಗೆ ಅರ್ಧವೃತ್ತದ ಕಾಲುವೆ ಒಂದೇ ಓಟದಲ್ಲಿ ಸಾಗಬೇಕು, ಬದಿಯಿಂದ ಬರುವ ಪೈಪಿನ ಕಾಲುವೆ ಹರಿವಿನ ದಿಕ್ಕಿಗೆ ಬಾಗಿ ಬಂದು ಸೇರಬೇಕು. ಅದರ ಎರಡು ಪಕ್ಕದ ಬೆಂಚಿಂಗ್, ಅಂದರೆ ಗಾರೆಯ ದಿಬ್ಬ, ಕಾಲುವೆಯ ಕಡೆಗೆ 10ಕ್ಕೆ 1ರಂತೆ ಇಳಿಜಾರಾಗಿರಬೇಕು ಮತ್ತು ಕರಣೆಯಲ್ಲಿ ನುಣ್ಣಗೆ ತೀಡಿರಬೇಕು. ತಳವನ್ನು ಚಪ್ಪಟೆಯಾಗಿ ಬಿಟ್ಟರೆ ನೀರು ಹರಡಿಕೊಂಡು, ಗಟ್ಟಿ ಪದಾರ್ಥ ಮೂಲೆಗಳಲ್ಲಿ ಉಳಿದು, ತಪಾಸಣೆಗೆಂದು ಕಟ್ಟಿದ ಚೇಂಬರೇ ಕಟ್ಟಿಕೊಳ್ಳುತ್ತದೆ. ಬೆಂಚಿಂಗ್ ಎಂಬುದು ಗಾರೆಯವರ ಕೆಲಸವೆಂದು ಪ್ಲಂಬರು ಕೈಬಿಟ್ಟರೆ, ಪ್ಲಂಬರು ನೋಡಿಕೊಳ್ಳುತ್ತಾನೆಂದು ಗಾರೆಯವರೂ ಕೈಬಿಡುತ್ತಾರೆ. ದಯವಿಟ್ಟು ನೀವೇ ನಿಂತು ಮಾಡಿಸಿ.

ಮುಚ್ಚಳವೂ ಆಯ್ಕೆಯ ವಿಷಯವೇ. ಅದರ ಮೇಲೆ ಎಲ್‌ಡಿ 2.5, ಎಂಡಿ 10, ಎಚ್‌ಡಿ 20 ಎಂಬ ಗುರುತುಗಳಿರುತ್ತವೆ, ಅಂದರೆ ಕ್ರಮವಾಗಿ ಹಗುರ, ಮಧ್ಯಮ, ಭಾರಿ ಹೊರೆಗೆ ತಕ್ಕವು. ಕಾರು ನಿಲ್ಲುವ ಜಾಗದಲ್ಲಿ ಎಲ್‌ಡಿ ಹಾಕಿದರೆ ಅದು ಬಿರುಕು ಬಿಟ್ಟು, ಮಣ್ಣು ಒಳಗೆ ಬೀಳುತ್ತದೆ.

ಇನ್ನು ಪರೀಕ್ಷೆ. ಎರಡು ಚೇಂಬರುಗಳ ನಡುವಿನ ಪೈಪು ನೇರವಾಗಿದೆಯೇ ಎಂದು ತಿಳಿಯಲು ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಕನ್ನಡಿ ಹಿಡಿಯಿರಿ. ಬೆಳಕು ಪೂರ್ಣ ವೃತ್ತವಾಗಿ ಕಂಡರೆ ನೇರವಿದೆ, ಚಂದ್ರನ ಕಲೆಯಂತೆ ತುಂಡಾಗಿ ಕಂಡರೆ ಎಲ್ಲೋ ಕುಸಿದಿದೆ. ಆಮೇಲೆ ಪೈಪಿನ ಒಳವ್ಯಾಸಕ್ಕಿಂತ 13 ಮಿ.ಮೀ. ಚಿಕ್ಕದಾದ ನುಣುಪು ಚೆಂಡನ್ನು ಮೇಲಿನ ತುದಿಯಿಂದ ಬಿಡಿ. ಒಳಗೆ ಗಾರೆಯೋ ಅಂಟೋ ಚಾಚಿಕೊಂಡಿರದಿದ್ದರೆ ಅದು ತಾನಾಗಿ ಉರುಳಿ ಕೆಳಗೆ ಬರುತ್ತದೆ. ಕೊನೆಗೆ ತುದಿ ಮುಚ್ಚಿ ನೀರು ತುಂಬಿಸಿ ಜೋಡಣೆಗಳನ್ನೂ ಬಾಗಿಲುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಮಣ್ಣು ಮುಚ್ಚುವುದು ಇದೆಲ್ಲ ಆದ ಮೇಲೆಯೇ.

ನಾನು ಪಾಠ ಮಾಡುತ್ತಿದ್ದಾಗ ಇನ್ನೊಂದನ್ನು ಮಾಡಿಸುತ್ತಿದ್ದೆ. ಜೋಡಿಸಿ ಮುಗಿಸಿದ ತಂಡದ ಪೈಪಿನೊಳಗೆ ಅವರಿಗೆ ಕಾಣದಂತೆ ಒದ್ದೆ ಗೋಣಿಯ ಉಂಡೆ ಸಿಕ್ಕಿಸಿ, ಏನನ್ನೂ ಕತ್ತರಿಸದೆ ಅದನ್ನು ತೆಗೆಯಿರಿ ಎನ್ನುತ್ತಿದ್ದೆ. ಬಾಯಿ ಎಲ್ಲಿ ತಪ್ಪಿದೆ ಎಂಬುದು ಅಲ್ಲಿ ಅವರಿಗೇ ಗೊತ್ತಾಗುತ್ತಿತ್ತು.

ಉತ್ತರ 3: ಪ್ಲಂಬರ್, ಸಿಡ್ನಿ (ಊರು ಶಿವಮೊಗ್ಗ)

ಇಲ್ಲಿ ಕೆಲಸ ಕಲಿತವನಾಗಿ ಒಂದು ಮಾತು ಸೇರಿಸುತ್ತೇನೆ. ಆಸ್ಟ್ರೇಲಿಯಾದ 3500.2 ಮಾನದಂಡದ ಪ್ರಕಾರ ನೆಲದಡಿಯ ಪೈಪಿನಲ್ಲಿ ತಪಾಸಣೆ ಬಾಯಿಗಳ ನಡುವಿನ ಅಂತರ 30 ಮೀಟರು ಮೀರುವಂತಿಲ್ಲ, ಶೌಚಾಲಯದಿಂದ ಹೊರಬಂದ ಪೈಪಿಗೆ ಕಟ್ಟಡದ ಹೊರಗೆ ಹತ್ತಿರದಲ್ಲೇ ಒಂದು ಬಾಯಿ ಇರಬೇಕು. ಅಳತೆಗಳಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇಲ್ಲಿನ ಇನ್ನೊಂದು ನಿಯಮ. ಕೆಲಸ ಮುಗಿದ ಮೇಲೆ ಪೈಪು ನಿಜವಾಗಿ ಎಲ್ಲಿ ಹೋಗಿದೆ, ಬಾಯಿಗಳು ಎಲ್ಲಿವೆ ಎಂಬ ಚಿತ್ರವನ್ನು ಪ್ಲಂಬರು ಬರೆದು ಸಲ್ಲಿಸಬೇಕು. ಊರಿನಲ್ಲಿ ಅಂಥ ನಿಯಮಕ್ಕೆ ಕಾಯಬೇಕಾಗಿಲ್ಲ. ಮೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಗೋಡೆಯಿಂದ ಅಳತೆ ಹಾಕಿದ ಒಂದು ಹಾಳೆ ಅಂಟಿಸಿದರೆ ಸಾಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಕಾರ್ಯಾಗಾರದಲ್ಲಿ ಗೆಳೆಯರೊಂದಿಗೆ ಗೋಣಿ ಉಂಡೆಯ ಪ್ರಯೋಗ ಮಾಡಿದೆ. ಎರಡನೆಯ ತಿರುವಿನಲ್ಲಿ ನಾನು ವೈ ಫಿಟ್ಟಿಂಗನ್ನು ಹರಿವಿಗೆ ಎದುರಾಗಿ ಇಟ್ಟಿದ್ದೆ. ಸರಳು ಮೇಲಿನ ಕಡೆಗೇ ಓಡಿತು, ಉಂಡೆ ಅಲ್ಲಾಡಲಿಲ್ಲ. ತಿರುಗಿಸಿ ಕೂರಿಸಿದ ಮೇಲೆ ಎರಡೇ ನೂಕಿಗೆ ಬಂತು. ಒಂದು ಸಂದೇಹ ಉಳಿದಿದೆ: ಹಿಂಬದಿಯ ಸ್ನಾನಗೃಹದ ಪೈಪು ಚೇಂಬರಿಗೆ ತಳದಿಂದ ಸುಮಾರು 700 ಮಿ.ಮೀ. ಎತ್ತರದಲ್ಲಿ ಬಂದು ಸೇರುತ್ತದೆ. ಹಾಗೆಯೇ ಬಿಡಬಹುದೇ?

ಉತ್ತರ 2ರವರಿಂದ

ಬಿಡಬಾರದು. ವ್ಯತ್ಯಾಸ 600 ಮಿ.ಮೀ. ಮೀರಿದರೆ ಇಳಿಜೋಡಣೆ ಬೇಕು, ಅಂದರೆ ಪೈಪನ್ನು ಚೇಂಬರಿನ ಹೊರಗೇ ಕೆಳಗಿಳಿಸಿ, ಬೆಂಡಿನಿಂದ ತಳದ ಕಾಲುವೆಗೆ ಸೇರಿಸಬೇಕು. ಮೇಲಿನ ನೇರ ಪೈಪನ್ನು ಚೇಂಬರಿನ ಗೋಡೆಯವರೆಗೆ ತಂದು, ಸರಳು ಹಾಕಲು ಅನುಕೂಲವಾಗುವಂತೆ ಮುಚ್ಚಳವಿಟ್ಟು ಬಿಡಬೇಕು. ಎತ್ತರದಿಂದ ನೀರು ಸುರಿದರೆ ಬೆಂಚಿಂಗ್ ಕೊರೆದುಹೋಗುತ್ತದೆ, ಹೊಲಸು ಗೋಡೆಗೆಲ್ಲ ಸಿಡಿಯುತ್ತದೆ, ಅದನ್ನು ತೆಗೆಯಲು ಯಾರನ್ನಾದರೂ ಒಳಗಿಳಿಸುವ ಯೋಚನೆ ಬರುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದನ್ನು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅಪರಾಧವೆಂದು ಹೇಳಿದೆ. ಆದರೂ ಜನ ಇಳಿಯುತ್ತಿದ್ದಾರೆ, ವಿಷಗಾಳಿಗೆ ಸಾಯುತ್ತಿದ್ದಾರೆ. ಮೇಲೆ ನಿಂತೇ ಸರಳಿನಿಂದಲೋ ರಭಸದ ನೀರು ಹಾಯಿಸುವ ಜೆಟ್ಟಿಂಗ್ ಯಂತ್ರದಿಂದಲೋ ಶುಚಿ ಮಾಡಲು ಬರುವಂತೆ ಚೇಂಬರು ಕಟ್ಟುವುದು ನಿಮ್ಮ ಕೈಯಲ್ಲಿದೆ. ನಕ್ಷೆಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಇದನ್ನೂ ಬರೆಯಿರಿ.